ಹಿರಿಯರಿಗೆ ಖಾರವಿಲ್ಲದ ಕೊರಿಯನ್ ತರಕಾರಿ ಸಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೆ, ನಮ್ಮದು ಹಾಸನ. ಮನೆಯಲ್ಲಿ 78 ವರ್ಷದ ಅತ್ತೆಯವರಿದ್ದಾರೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ದವಡೆ ಹಲ್ಲುಗಳು ಬಹುಪಾಲು ಹೋಗಿವೆ. ಕಾಲೇಜಿಗೆ ಹೋಗುವ ಮಗಳು ಕೊರಿಯಾದ ಧಾರಾವಾಹಿಗಳನ್ನು ನೋಡಿ, ಅಲ್ಲಿಯ ಅಡುಗೆಯನ್ನು ಮನೆಯಲ್ಲಿ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತು ಉಣ್ಣಬಹುದಾದ, ಖಾರವಿಲ್ಲದ ಸಸ್ಯಾಹಾರಿ ಸಾರು ಆ ದೇಶದ ಅಡುಗೆಯಲ್ಲಿ ಇದೆಯೇ? ಅಲ್ಲಿಯ ಊಟವೆಂದರೆ ಕೆಂಪು ಮೆಣಸಿನ ಪುಡಿ ಮತ್ತು ಮೀನು ಎಂದೇ ನಾವು ತಿಳಿದಿದ್ದೇವೆ.
(ಓದುಗರೊಬ್ಬರು, ಹಾಸನ)

ಉತ್ತರ: ಖಂಡಿತ ಇದೆ. ಧಾರಾವಾಹಿಗಳಲ್ಲಿ ಕಣ್ಣಿಗೆ ಬೀಳುವುದು ಹೋಟೆಲಿನ ಕೆಂಪು ಬಣ್ಣದ ಅಡುಗೆ. ಕೊರಿಯಾದ ಮನೆಗಳಲ್ಲಿ ಅನ್ನದ ಪಕ್ಕಕ್ಕೆ ನಿತ್ಯವೂ ಬರುವುದು ‘ಗುಕ್’ ಎಂಬ ತಿಳಿಸಾರು. ಇದನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆ ಬಟ್ಟಲಿನಲ್ಲಿ ಬಡಿಸುತ್ತಾರೆ. ‘ಜ್ಜಿಗೇ’ ಎನ್ನುವುದು ಇದಕ್ಕಿಂತ ಗಟ್ಟಿಯಾದ, ಉಪ್ಪು ಖಾರ ಹೆಚ್ಚಿರುವ ಇನ್ನೊಂದು ಬಗೆ. ಅತ್ತೆಯವರಿಗೆ ಅದು ಬೇಡ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದಂತೆಯೇ ಆ ನಾಡಿಗೂ ಅಮೆರಿಕ ಖಂಡದಿಂದ ತಡವಾಗಿ ಬಂದದ್ದು. ಅದಕ್ಕೂ ಬಹಳ ಮೊದಲಿನಿಂದ ಅಲ್ಲಿಯ ಸಾರಿಗೆ ರುಚಿ ಕೊಡುತ್ತಿರುವುದು ‘ದ್ವೆಂಜಾಂಗ್’. ಸೋಯಾ ಕಾಳನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯ ಆಕಾರಕ್ಕೆ ತಟ್ಟಿ ಒಣಗಿಸಿ ಹುದುಗಲು ಬಿಡುತ್ತಾರೆ. ಆಮೇಲೆ ಉಪ್ಪುನೀರು ತುಂಬಿದ ಮಣ್ಣಿನ ಜಾಡಿಯಲ್ಲಿ ನೆನೆಯಿಡುತ್ತಾರೆ. ಬಸಿದ ನೀರು ಸಾರಿಗೆ ಹಾಕುವ ಸೋಯಾ ಸಾಸ್ ಆಗುತ್ತದೆ, ಉಳಿದ ಕಾಳಿನ ಮುದ್ದೆ ಇನ್ನಷ್ಟು ಕಾಲ ಮಾಗಿ ದ್ವೆಂಜಾಂಗ್ ಆಗುತ್ತದೆ. ಈ ಹುದುಗು ಬಗೆಗಳನ್ನು ತಯಾರಿಸುವ ಕೊರಿಯನ್ನರ ಪದ್ಧತಿಯನ್ನು 2024ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ನಿಮ್ಮ ಮಗಳಿಗೆ ಮೊದಲು ಹೇಳಬೇಕಾದ ಮಾತು ಉಪ್ಪಿನದು. ಒಂದು ದೊಡ್ಡ ಚಮಚ ದ್ವೆಂಜಾಂಗ್‌ನಲ್ಲಿ ಹೆಚ್ಚು ಕಡಿಮೆ 2 ಗ್ರಾಂ ಉಪ್ಪಿರುತ್ತದೆ. ವಯಸ್ಕರೊಬ್ಬರು ಇಡೀ ದಿನಕ್ಕೆ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೆಳಗಿನ ತಿಂಡಿಯ ಚಟ್ನಿ ಎಲ್ಲವೂ ಅದರೊಳಗೇ ಬರಬೇಕು. ವಯಸ್ಸಾದಂತೆ ನಾಲಿಗೆಗೆ ಉಪ್ಪು ಮೊದಲಿನಷ್ಟು ಹತ್ತುವುದಿಲ್ಲ, ‘ಸಪ್ಪೆ’ ಎಂಬ ದೂರು ಬರುತ್ತದೆ, ಅಡುಗೆ ಮಾಡುವವರು ಇನ್ನೊಂದು ಚಿಟಿಕೆ ಹಾಕುತ್ತಾರೆ. ಆದ್ದರಿಂದ ಈ ಸಾರಿನಲ್ಲಿ ರುಚಿಯನ್ನು ಉಪ್ಪಿನಿಂದ ತರಲು ಹೋಗದೆ, ಸಾರಿನ ನೀರಿನಲ್ಲಿಯೇ ಮೊದಲು ತಂದುಕೊಳ್ಳಬೇಕು. ಉಳಿದದ್ದೆಲ್ಲ ಅದಾದ ಮೇಲಿನ ಮಾತು. ಬಸ್ಸಾರಿನ ರುಚಿ ಕಟ್ಟಿನಲ್ಲಿದೆಯೇ ಹೊರತು ಮೇಲಿನ ಒಗ್ಗರಣೆಯಲ್ಲಿಲ್ಲ ಎಂಬುದನ್ನು ಬಲ್ಲ ಹಾಸನದ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಲ್ಲಿಯ ಬಹುತೇಕ ಮನೆಗಳು ಈ ನೀರಿಗೆ ಒಣಗಿಸಿದ ಸಣ್ಣ ಮೀನನ್ನು ಬಳಸುತ್ತವೆ. ಬೌದ್ಧ ವಿಹಾರಗಳಲ್ಲಿ ಮೀನಿಲ್ಲ. ಅಲ್ಲಿ ಅದರ ಜಾಗಕ್ಕೆ ‘ದಾಸಿಮಾ’ ಎಂಬ ಒಣ ಕಡಲಕಳೆ, ಒಣಗಿದ ಶಿಟಾಕೆ ಅಣಬೆ ಮತ್ತು ಮೂಲಂಗಿ ಬರುತ್ತವೆ. ಜಪಾನೀಯರು ಕೊಂಬು ಎಂದೂ ಇಂಗ್ಲಿಷಿನವರು ಕೆಲ್ಪ್ ಎಂದೂ ಕರೆಯುವುದು ಈ ಕಡಲಕಳೆಯನ್ನೇ. ಇದರ ರುಚಿಗೆ ಗ್ಲುಟಮೇಟ್ ಕಾರಣವೆಂದು 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕಂಡುಹಿಡಿದರು. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ಅಂಶವಿದೆ. ಎರಡೂ ಒಂದೇ ಪಾತ್ರೆಯಲ್ಲಿ ಸೇರಿದಾಗ ಒಂದೊಂದೇ ಇದ್ದಾಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ರುಚಿ ಬರುತ್ತದೆ. ದ್ವೆಂಜಾಂಗ್ ಕಡಿಮೆ ಹಾಕಿಯೂ ಸಾರು ಸಪ್ಪೆಯೆನಿಸದಿರುವುದು ಇದರಿಂದಲೇ.

ನಾಲ್ಕು ಜನಕ್ಕೆ ಅಳತೆ ಹೀಗೆ. ಹಿಂದಿನ ರಾತ್ರಿಯೇ ಮೂರು ನಾಲ್ಕು ಒಣ ಶಿಟಾಕೆಯನ್ನು ಎರಡು ಲೋಟ ತಣ್ಣೀರಿನಲ್ಲಿ ನೆನೆಯಿಟ್ಟು, ಫ್ರಿಜ್ಜಿನಲ್ಲಿಡಿ. ಬಿಸಿನೀರಿನಲ್ಲಿ ಬೇಗ ನೆನೆಯುವುದಾದರೂ ರುಚಿ ಅಷ್ಟು ಇಳಿಯುವುದಿಲ್ಲ. ಮರುದಿನ ಅನ್ನಕ್ಕೆ ಅಕ್ಕಿ ತೊಳೆಯುವಾಗ ಮೊದಲನೆಯ ನೀರನ್ನು ಚೆಲ್ಲಿ, ಎರಡನೆಯ ಸಲ ಚೆನ್ನಾಗಿ ಕಿವುಚಿದ ಬಿಳಿಯ ನೀರನ್ನು ನಾಲ್ಕು ಲೋಟದಷ್ಟು ಎತ್ತಿಟ್ಟುಕೊಳ್ಳಿ. ನಮ್ಮಲ್ಲಿ ಅಕ್ಕಚ್ಚಾಗಿ ಹಸುವಿನ ಬಾನಿಗೆ ಹೋಗುವ ಈ ನೀರು ಕೊರಿಯಾದಲ್ಲಿ ದ್ವೆಂಜಾಂಗ್ ಸಾರಿನ ಮೂಲ. ಅದರಲ್ಲಿರುವ ಹಿಟ್ಟಿನ ಅಂಶ ಸಾರಿಗೆ ತೆಳುವಾದ ಗಟ್ಟಿತನ ಕೊಡುತ್ತದೆ, ಹುದುಗಿದ ಸೋಯಾದ ಒರಟು ವಾಸನೆಯನ್ನೂ ತಗ್ಗಿಸುತ್ತದೆ. ಅಣಬೆ ನೆನೆದ ನೀರನ್ನು ಸೋಸಿ ಇದಕ್ಕೆ ಸೇರಿಸಿ, ಎರಡು ಬೆರಳಗಲದ ಒಂದು ತುಂಡು ಕೆಲ್ಪ್ ಹಾಕಿ, ಒಲೆಯ ಮೇಲಿಡಿ. ಕುದಿ ಬರುತ್ತಿದ್ದಂತೆ ಉರಿ ತಗ್ಗಿಸಿ, ಹತ್ತು ನಿಮಿಷದೊಳಗೆ ಕೆಲ್ಪ್ ತುಂಡನ್ನು ಹೊರತೆಗೆಯಿರಿ. ಅದನ್ನು ಮರೆತು ಕುದಿಯಲು ಬಿಟ್ಟರೆ ನೀರು ಲೋಳೆಯಾಗಿ ಕಹಿಯಾಗುತ್ತದೆ.

ಇನ್ನು ತರಕಾರಿ. ಕೊರಿಯಾದ ಮೂಲಂಗಿ ದಪ್ಪ, ಸಿಹಿ; ನಮ್ಮ ಸಂತೆಯ ಬಿಳಿ ಮೂಲಂಗಿಗೆ ಘಾಟು ಹೆಚ್ಚು, ಬೇಸಿಗೆಯಲ್ಲಿ ನಾರೂ ಹೆಚ್ಚು. ಎಳೆಯದನ್ನು ಆರಿಸಿ, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಅಂಚೆಚೀಟಿಯಷ್ಟು ಅಗಲದ ತೆಳು ಬಿಲ್ಲೆಗಳಾಗಿ ಹೆಚ್ಚಿಕೊಳ್ಳಿ. ಅಲ್ಲಿಯವರು ಬಳಸುವ ಎಳೆಯ ಕುಂಬಳದ ಬದಲು ಸೀಮೆಬದನೆ ಅಥವಾ ಸೋರೆಕಾಯಿ ತೆಗೆದುಕೊಳ್ಳಬಹುದು. ನನ್ನ ಮತ ಸೀಮೆಬದನೆಗೆ, ಏಕೆಂದರೆ ಅದು ಮೆತ್ತಗಾಗಿಯೂ ಕರಗಿಹೋಗುವುದಿಲ್ಲ. ಆಲೂಗೆಡ್ಡೆಯನ್ನು ಹಾಸನದವರಿಗೆ ಪರಿಚಯಿಸುವ ಅಗತ್ಯವಿಲ್ಲ. ಮುಂಗಾರಿನ ಹೊಸ ಗೆಡ್ಡೆ ಬರುವ ತಿಂಗಳುಗಳಲ್ಲಿ ಒಂದು ಸಾಧಾರಣ ಗೆಡ್ಡೆ ಸಾಕು. ಮಧುಮೇಹವಿದ್ದವರಿಗೆ ಅದನ್ನೂ ಅರ್ಧ ಮಾಡಿ. ಎಲೆಕೋಸಿನ ಹೊರ ಎಲೆ ಮತ್ತು ನಡುವಿನ ದಪ್ಪ ನರ ಬೇಡ, ಒಳಗಿನ ಎಳೆ ಎಲೆ ಮಾತ್ರ ಇರಲಿ. ನೆನೆದ ಶಿಟಾಕೆಯ ತೊಟ್ಟು ಎಷ್ಟು ಬೇಯಿಸಿದರೂ ಚರ್ಮದಂತೆಯೇ ಉಳಿಯುವುದರಿಂದ ಅದನ್ನು ಬಿಸಾಡಿ, ಮೇಲಿನ ಛತ್ರಿಯನ್ನು ಸಣ್ಣಗೆ ಹೆಚ್ಚಿ. ಮೂಲಂಗಿ ಮತ್ತು ಅಣಬೆ ಮೊದಲು, ಹತ್ತು ನಿಮಿಷದ ನಂತರ ಆಲೂಗೆಡ್ಡೆ, ಆಮೇಲೆ ಸೀಮೆಬದನೆ ಮತ್ತು ಕೋಸು. ಕುಕ್ಕರಿನಲ್ಲಿ ಕೂಗಿಸಿದರೆ ಕೆಲವು ತುಂಡು ಕರಗಿ ಕೆಲವು ಗಟ್ಟಿಯಾಗಿ ಉಳಿಯುತ್ತವೆ. ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯೇ ಸರಿ.

ತರಕಾರಿ ಮುಕ್ಕಾಲು ಬೆಂದಾಗ ದ್ವೆಂಜಾಂಗ್ ಸೇರಿಸಬೇಕು. ಅದನ್ನು ನೇರವಾಗಿ ಪಾತ್ರೆಗೆ ಹಾಕಿದರೆ ಗಂಟು ಗಂಟಾಗಿ ಉಳಿಯುತ್ತದೆ. ಟೀ ಸೋಸುವುದಕ್ಕಿಂತ ಸ್ವಲ್ಪ ದೊಡ್ಡದಾದ ಜಾಲರಿಯನ್ನು ಸಾರಿನಲ್ಲಿ ಅರ್ಧ ಮುಳುಗುವಂತೆ ಹಿಡಿದು, ಅದರೊಳಗೆ ಎರಡು ದೊಡ್ಡ ಚಮಚ ದ್ವೆಂಜಾಂಗ್ ಹಾಕಿ, ಚಮಚದ ಬೆನ್ನಿನಿಂದ ಒತ್ತುತ್ತಾ ತಿರುವಿ. ಕಂದು ಬಣ್ಣ ನೀರಿಗೆ ಇಳಿಯುತ್ತಾ ಹೋಗಿ ಕೊನೆಗೆ ಜಾಲರಿಯಲ್ಲಿ ಕಾಳಿನ ಸಿಪ್ಪೆ ಮತ್ತು ಅರೆ ತುಂಡುಗಳು ಉಳಿಯುತ್ತವೆ. ಕೊರಿಯಾದ ಮನೆಗಳಲ್ಲಿಯೂ ಹೀಗೆಯೇ ಮಾಡುತ್ತಾರೆ. ಹಲ್ಲಿಲ್ಲದವರಿಗೆ ಆ ಉಳಿಕೆಯನ್ನು ಸಾರಿಗೆ ಸುರಿಯಬೇಡಿ. ಅಲ್ಲಿ ಇಷ್ಟು ನೀರಿಗೆ ಮೂರು ನಾಲ್ಕು ಚಮಚ ಹಾಕುವುದುಂಟು. ತಲೆ ಸವರಿದ ಎರಡೇ ಚಮಚಕ್ಕೆ ನಿಲ್ಲಿಸಿದರೆ ಒಂದು ಬಟ್ಟಲಿಗೆ ಸುಮಾರು 1 ಗ್ರಾಂ ಉಪ್ಪು ಬರುತ್ತದೆ; ಬೇರೆ ಉಪ್ಪನ್ನು ಹಾಕಲೇಬಾರದು. ಹತ್ತು ನಿಮಿಷ ಸಣ್ಣಗೆ ಕುದಿಸಿ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಮತ್ತು ಕಾಲು ಕಿಲೋ ಮೆತ್ತನೆಯ ತೋಫುವನ್ನು (ಸೋಯಾ ಹಾಲಿನ ಪನೀರು) ಸಣ್ಣ ಚೌಕಗಳಾಗಿ ಕತ್ತರಿಸಿ ಹಾಕಿ, ಮತ್ತೆ ಐದು ನಿಮಿಷ ಬಿಡಿ. ಇಳಿಸುವ ಮುನ್ನ ಬಿಳಿ ಎಳ್ಳನ್ನು ಹುರಿದು ನುಣ್ಣಗೆ ಪುಡಿ ಮಾಡಿ ಒಂದು ಚಮಚ ಸೇರಿಸಿ. ಅಲ್ಲಿ ಬಳಸುವ ಎಳ್ಳೆಣ್ಣೆ ಹುರಿದ ಎಳ್ಳಿನದು, ನಮ್ಮ ಗಾಣದ ಎಣ್ಣೆ ಹಸಿ ಎಳ್ಳಿನದು. ಆ ಘಮ ಇದರಲ್ಲಿ ಸಿಗದ ಕಾರಣ ಪುಡಿಯೇ ಒಳ್ಳೆಯದು.

ಬೆಂದಿದೆಯೇ ಎಂದು ತಿಳಿಯಲು ಚಾಕು ಚುಚ್ಚಿ ನೋಡುವುದು ಸಾಲದು. ಒಂದು ಮೂಲಂಗಿ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು, ಹಲ್ಲು ತಾಗಿಸದೆ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಅದು ಅಲ್ಲಿಯೇ ನುಜ್ಜಾದರೆ ಅತ್ತೆಯವರಿಗೆ ಬಡಿಸಬಹುದು, ಇಲ್ಲವಾದರೆ ಇನ್ನೂ ಬೇಯಲಿ. ಮಗಳಿಗೆ ಖಾರ ಬೇಕಿದ್ದರೆ ಅವಳ ಬಟ್ಟಲಿಗೆ ಮೇಲಿನಿಂದ ಹಾಕಿಕೊಳ್ಳಲಿ.

ಇನ್ನೂ ಎರಡು ಮಾತು. ಸಾರನ್ನೇ ಹೊಟ್ಟೆ ತುಂಬ ಕುಡಿದು ಹಿರಿಯರು ಅನ್ನ, ಕಾಳು ಬಿಟ್ಟುಬಿಡುವುದುಂಟು. ಇದು ಊಟದ ಜೊತೆಗಿನ ಸಾರು, ಊಟದ ಬದಲಿನದ್ದಲ್ಲ. 100 ಗ್ರಾಂ ತೋಫುವಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇರುವುದರಿಂದ, ಬಡಿಸುವಾಗ ಅವರ ಬಟ್ಟಲಿಗೆ ನೀರಿಗಿಂತ ತೋಫು ಹೆಚ್ಚು ಬರುವಂತೆ ಸೌಟು ಹಾಕಿ. ಉಪ್ಪು ಕಡಿಮೆ ಮಾಡಬೇಕೆಂದು ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪು’ ತರುವವರಿದ್ದಾರೆ; ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ರಕ್ತದೊತ್ತಡದ ಕೆಲವು ಮಾತ್ರೆಗಳೂ ದೇಹದ ಪೊಟ್ಯಾಸಿಯಂ ಹೆಚ್ಚಿಸುತ್ತವೆ. ಮೂತ್ರಪಿಂಡದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಪ್ರಶ್ನೆ: ಚಿಕ್ಕಮಗಳೂರಿನ ಅಂಗಡಿಗಳಲ್ಲಿ ದ್ವೆಂಜಾಂಗ್ ಕೇಳಿದರೆ ಮುಖ ನೋಡುತ್ತಾರೆ. ಮನೆಯಲ್ಲಿಯೇ ಮಾಡಿಕೊಳ್ಳಬಹುದೇ? ಇಲ್ಲವಾದರೆ ಸೋಯಾ ಸಾಸ್ ಹಾಕಿದರೆ ನಡೆಯುತ್ತದೆಯೇ? ಮಳೆ ಹಿಡಿದ ಮೇಲೆ ನಮ್ಮ ತೋಟದಲ್ಲಿ ಏಳುವ ಅಣಬೆಯನ್ನು ಶಿಟಾಕೆಯ ಬದಲು ಬಳಸಬಹುದೇ?
(ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ಮನೆಯಲ್ಲಿ ಮಾಡುವ ಸಾಹಸ ಬೇಡ. ಆ ಸೋಯಾ ಇಟ್ಟಿಗೆಗಳು ಕೊರಿಯಾದ ಒಣ ಚಳಿಗಾಲದಲ್ಲಿ ವಾರಗಟ್ಟಲೆ ನೇತಾಡಿ ಹದವಾಗಿ ಹುದುಗುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಅಂಥ ತೇವದಲ್ಲಿ ಬೇಡದ ಬೂಷ್ಟು ಬೆಳೆದು ವಿಷವಾಗುವ ಅಪಾಯವಿದೆ. ಅಂತರ್ಜಾಲದ ಅಂಗಡಿಗಳಲ್ಲಿ ಡಬ್ಬಿ ಸಿಗುತ್ತದೆ. ಕೊಳ್ಳುವಾಗ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು, ಏಕೆಂದರೆ ಸಾರಿಗೆಂದೇ ಮಸಾಲೆ ಬೆರೆಸಿದ ಡಬ್ಬಿಗಳಲ್ಲಿ ಒಣಮೀನಿನ ಅಥವಾ ಚಿಪ್ಪುಮೀನಿನ ಸತ್ವ ಸೇರಿರುವುದುಂಟು. ಕೆಲವಕ್ಕೆ ಗೋಧಿಯೂ ಸೇರಿರುತ್ತದೆ. ಸೋಯಾ, ಉಪ್ಪು, ನೀರು ಇವಿಷ್ಟೇ ಇರುವುದು ಸಿಕ್ಕರೆ ಉತ್ತಮ. ಪಟ್ಟಿಯಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿರುತ್ತಾರೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು ಎಂದು ಲೆಕ್ಕ ಹಾಕಿಕೊಳ್ಳಿ.

ಜಪಾನಿನವರ ಹುದುಗಿದ ಸೋಯಾ ಮುದ್ದೆಯಾದ ಮಿಸೊ ಸಿಕ್ಕರೆ ಅದೂ ಆಗುತ್ತದೆ, ಆದರೆ ಅದರ ರುಚಿ ಮೃದು, ತುಸು ಸಿಹಿ. ದ್ವೆಂಜಾಂಗ್ ಕುದಿದಷ್ಟೂ ಸಾರಿಗೆ ಹೊಂದಿಕೊಳ್ಳುತ್ತದೆ, ಮಿಸೊ ಕುದಿದರೆ ಘಮ ಕಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಒಲೆಯಿಂದ ಇಳಿಸುವಾಗ ಕದಡಿ ಸೇರಿಸಿ. ಸೋಯಾ ಸಾಸ್ ಹಾಕಿದರೆ ಬೇರೆಯೇ ಸಾರಾಗುತ್ತದೆ, ಕೆಟ್ಟದ್ದಂತೂ ಅಲ್ಲ. ಕೊರಿಯಾದಲ್ಲಿ ಮೂಲಂಗಿಯ ತಿಳಿಸಾರಿಗೆ ಹಾಕುವುದು ಅದನ್ನೇ. ಮೂಲಂಗಿಯನ್ನು ಸ್ವಲ್ಪ ಎಣ್ಣೆಯಲ್ಲಿ ಅಂಚು ಪಾರದರ್ಶಕವಾಗುವವರೆಗೆ ಬಾಡಿಸಿ, ಅಣಬೆಯ ನೀರು ಹೊಯ್ದು ಬೇಯಿಸಿ, ಕೊನೆಗೆ ಸೋಯಾ ಸಾಸ್ ಬೆರೆಸಿದರೆ ಆಯಿತು. ಒಂದು ದೊಡ್ಡ ಚಮಚ ಸಾಸ್‌ನಲ್ಲಿಯೂ 2 ಗ್ರಾಂಗಿಂತ ಹೆಚ್ಚೇ ಉಪ್ಪಿರುವುದರಿಂದ ನಾಲ್ಕು ಜನಕ್ಕೆ ಎರಡು ಚಮಚ ಮೀರಬಾರದು.

ತೋಟದ ಅಣಬೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಿಮ್ಮ ಮನೆಯ ಹಿರಿಯರು ಹುತ್ತದ ಅಣಬೆಯನ್ನು ನೋಡಿದೊಡನೆ ಗುರುತಿಸಬಲ್ಲರು, ಅದರ ಸಾರು ಮಾಡಿಕೊಂಡು ಉಂಡಿದ್ದಾರೆ ಎಂಬುದು ನಿಜವೇ ಇರಬಹುದು. ಆದರೆ ಕಾಗದದಲ್ಲಿ ಉತ್ತರ ಬರೆಯುವವರು ಕಾಣದ ಅಣಬೆಗೆ ಒಪ್ಪಿಗೆ ಕೊಡಲಾಗದು, ಅದೂ ವಯಸ್ಸಾದವರ ಬಟ್ಟಲಿಗೆ. ಬೇಸಾಯದ ಚಿಪ್ಪು ಅಣಬೆ ಹಾಕುವುದಾದರೆ ಎಳೆ ಎಳೆಯಾಗಿ ಸೀಳದೆ, ಎಳೆಗೆ ಅಡ್ಡಲಾಗಿ ಸಣ್ಣಗೆ ಕೊಚ್ಚಿ. ಉದ್ದನೆಯ ಎಳೆ ಹಲ್ಲಿಲ್ಲದವರ ಗಂಟಲಿಗೆ ತೊಡಕು.

ಪ್ರಶ್ನೆ: ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಗಿ ಚೇತರಿಸಿಕೊಂಡಿದ್ದಾರೆ. ಗಟ್ಟಿ ಅನ್ನ ಬೇಡ ಎಂದು ಸಾರು ಕೊಟ್ಟರೆ ಕುಡಿಯುವಾಗಲೆಲ್ಲ ಕೆಮ್ಮುತ್ತಾರೆ. ಈ ಸಾರನ್ನು ಇನ್ನಷ್ಟು ತೆಳುವಾಗಿ ಮಾಡಿ ಕೊಡಬಹುದೇ?
(ಓದುಗರೊಬ್ಬರು, ಸಕಲೇಶಪುರ)

ಉತ್ತರ: ದಯವಿಟ್ಟು ತೆಳು ಮಾಡಬೇಡಿ. ನುಂಗುವ ಸ್ನಾಯುಗಳು ದುರ್ಬಲವಾದವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ನೀರಿನಂಥ ತೆಳುವಾದ ಪದಾರ್ಥವೇ. ಗಂಟಲು ಮುಚ್ಚಿಕೊಳ್ಳುವಷ್ಟರಲ್ಲಿ ಅದು ಶ್ವಾಸನಾಳದತ್ತ ಹರಿದುಬಿಡುತ್ತದೆ. ಹಾಗೆ ಹೋದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ತೆಳುನೀರಿನಲ್ಲಿ ತರಕಾರಿ ತುಂಡುಗಳು ತೇಲುವ ಸಾರು ಇನ್ನೂ ಕಷ್ಟ, ಏಕೆಂದರೆ ಬಾಯಿ ಏಕಕಾಲಕ್ಕೆ ನೀರನ್ನು ತಡೆದು ತುಂಡನ್ನು ಅಗಿಯಬೇಕಾಗುತ್ತದೆ. ಊಟದ ನಡುವೆ ಕೆಮ್ಮು, ನುಂಗಿದ ಮೇಲೆ ಧ್ವನಿ ಒದ್ದೆಯಾದಂತೆ ಕೇಳುವುದು, ಪದೇ ಪದೇ ಜ್ವರ ಬರುವುದು ಇವೆಲ್ಲ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ನುಂಗುವಿಕೆಯನ್ನು ಪರೀಕ್ಷಿಸುವ ವಾಕ್ ಚಿಕಿತ್ಸಕರು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ಎಷ್ಟು ಗಟ್ಟಿ ಇರಬೇಕೆಂದು ಅವರು ಹೇಳಿದ ಮೇಲೆ, ಬೆಂದ ತರಕಾರಿ ಮತ್ತು ತೋಫುವನ್ನು ಸಾರಿನೊಂದಿಗೆ ಮಿಕ್ಸಿಯಲ್ಲಿ ಒಂದೇ ಸಮನಾಗಿ ರುಬ್ಬಿ ಆ ಹದಕ್ಕೆ ತರಬಹುದು. ಇದರಲ್ಲಿ ಆಲೂಗೆಡ್ಡೆ ತುಸು ಹೆಚ್ಚಿದ್ದರೆ ಹದ ಸುಲಭವಾಗಿ ಬರುತ್ತದೆ. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಒಂದು ನುಂಗಿದ ಮೇಲೆ ಇನ್ನೊಂದನ್ನು ಕೊಡಿ.

ಕೊರಿಯಾದವರು ಹೊಸ ವರ್ಷಕ್ಕೆ ಅಕ್ಕಿಯ ಅಂಟು ಬಿಲ್ಲೆಗಳನ್ನು ಹಾಕಿ ಒಂದು ಸಾರು ಮಾಡುತ್ತಾರೆ, ಮಕ್ಕಳು ಅದನ್ನು ನೋಡಿ ಆಸೆಪಡುತ್ತಾರೆ. ಆ ಬಿಲ್ಲೆಯೂ, ಜಾರುವ ಕಡಲಕಳೆಯ ಹಾಳೆಗಳೂ ನಿಮ್ಮ ತಂದೆಯವರ ಹತ್ತಿರಕ್ಕೂ ಬರಬಾರದು.

ಪ್ರಶ್ನೆ: ನಾವು ಜೈನರು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಬಳಸುವುದಿಲ್ಲ. ಅಜ್ಜಿಯವರು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ನಮಗೆ ಒಗ್ಗುವಂಥದ್ದು ಏನಾದರೂ ಇದೆಯೇ?
(ಓದುಗರೊಬ್ಬರು, ಶ್ರವಣಬೆಳಗೊಳ)

ಉತ್ತರ: ಕೊರಿಯಾದ ಬೌದ್ಧ ವಿಹಾರಗಳ ಅಡುಗೆಯಲ್ಲಿಯೂ ಬೆಳ್ಳುಳ್ಳಿ, ಈರುಳ್ಳಿಯ ಜಾತಿಯ ಸೊಪ್ಪುಗಳು ನಿಷಿದ್ಧ, ಅವರ ನಿಷೇಧದ ಪಟ್ಟಿಯಲ್ಲಿ ಇಂಗನ್ನೂ ಸೇರಿಸುತ್ತಾರೆಂಬುದು ನಮ್ಮವರಿಗೆ ಅಚ್ಚರಿಯೆನಿಸಬಹುದು. ಆದರೆ ಅಲ್ಲಿ ಮೂಲಂಗಿ, ಅಣಬೆ, ಹುದುಗಿಸಿದ ದ್ವೆಂಜಾಂಗ್ ಎಲ್ಲವೂ ಸಲ್ಲುತ್ತವೆ, ನಿಮ್ಮಲ್ಲಿ ಅವೂ ಸಲ್ಲವು. ಅವನ್ನೆಲ್ಲ ತೆಗೆದ ಮೇಲೆ ಆ ಸಾರಿನಲ್ಲಿ ಉಳಿಯುವುದು ಬಿಸಿನೀರು ಮಾತ್ರ. ಆದ್ದರಿಂದ ಬದಲಿ ಹುಡುಕುತ್ತಾ ಹೋಗುವುದಕ್ಕಿಂತ ಬೇರೆ ಅಡುಗೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ‘ಹೋಬಕ್‌ಜುಕ್’ ಎಂಬ ಕುಂಬಳದ ಗಂಜಿಯನ್ನು ಕೊರಿಯಾದಲ್ಲಿ ಹಿರಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಮಾಡಿಕೊಡುತ್ತಾರೆ, ಅದರಲ್ಲಿ ನಿಮಗೆ ಬೇಡದ್ದೇನೂ ಇಲ್ಲ.

ಅರ್ಧ ಕಿಲೋ ಚೆನ್ನಾಗಿ ಬಲಿತ ಸಿಹಿಗುಂಬಳವನ್ನು ಸಿಪ್ಪೆ, ಬೀಜ ತೆಗೆದು ಹಬೆಯಲ್ಲಿ ಬೇಯಿಸಿ, ನುಣ್ಣಗೆ ಮಸೆದು, ಮೂರು ಲೋಟ ನೀರಿನಲ್ಲಿ ಕದಡಿ ಕುದಿಗಿಡಿ. ಮೂರು ದೊಡ್ಡ ಚಮಚ ಅಕ್ಕಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ, ಗಂಟಾಗದಂತೆ ತಿರುವುತ್ತಾ ಅದಕ್ಕೆ ಹೊಯ್ದು, ಹಿಟ್ಟಿನ ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಇಡಬೇಕು. ಅಲ್ಲಿ ಅಂಟು ಅಕ್ಕಿಯ ಹಿಟ್ಟು ಹಾಕಿ, ಅದೇ ಹಿಟ್ಟಿನ ಸಣ್ಣ ಉಂಡೆಗಳನ್ನೂ ತೇಲಿಬಿಡುತ್ತಾರೆ. ಅಜ್ಜಿಯವರಿಗೆ ಉಂಡೆ ಬೇಡ, ನಮ್ಮ ಮಾಮೂಲಿ ಅಕ್ಕಿ ಹಿಟ್ಟು ಅಂಟಾಗದೆ ನುಂಗಲು ಹಗುರವಾಗಿರುತ್ತದೆ. ಒಂದು ಚಿಟಿಕೆ ಉಪ್ಪು ಕುಂಬಳದ ಸಿಹಿಯನ್ನು ಎತ್ತಿಕೊಡುತ್ತದೆ. ಕಾಯಿ ಸಪ್ಪೆಯಿದ್ದರೆ ಮಾತ್ರ ಸಕ್ಕರೆ. ಸಂಜೆ ಐದರ ಹೊತ್ತಿಗೆ ಇಟ್ಟರೂ ಊಟದ ವೇಳೆಗೆ ಸಿದ್ಧವಾಗುತ್ತದೆ.

ಪ್ರಶ್ನೆ: ನನಗೆ ಥೈರಾಯ್ಡ್ ಇದೆ. ಕಡಲಕಳೆ ಹಾಕಿದ ಸಾರು ಒಳ್ಳೆಯದೆಂದು ಕೆಲವರು ಹೇಳುತ್ತಾರೆ.
(ಓದುಗರೊಬ್ಬರು, ಬೇಲೂರು)

ಉತ್ತರ: ನೀವು ಕೆಲ್ಪ್ ಬಿಟ್ಟೇ ಸಾರು ಮಾಡಿ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಒಂದೇ ಗ್ರಾಂ ಒಣ ಕೆಲ್ಪ್‌ನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರಬಹುದು, ಮತ್ತು ಅದು ನೀರಿಗೆ ಇಳಿದುಬಿಡುವುದರಿಂದ ತುಂಡನ್ನು ಹೊರತೆಗೆದರೂ ಪ್ರಯೋಜನವಿಲ್ಲ. ಅಯೋಡಿನ್ ಸೇರಿಸಿದ ಉಪ್ಪನ್ನು ನಾವು ಹೇಗೂ ಉಣ್ಣುತ್ತಿದ್ದೇವೆ. ಅಯೋಡಿನ್ ಅತಿಯಾದರೆ ಥೈರಾಯ್ಡ್ ಗ್ರಂಥಿಯ ಕೆಲಸ ಹೆಚ್ಚಲೂಬಹುದು, ಕುಗ್ಗಲೂಬಹುದು. ಅಣಬೆಯನ್ನು ಒಂದೆರಡು ಹೆಚ್ಚು ನೆನೆಯಿಟ್ಟರೆ ರುಚಿಗೆ ಕೊರತೆಯಾಗದು. ಥೈರಾಯ್ಡ್ ಮಾತ್ರೆಗೂ ಸೋಯಾ ಪದಾರ್ಥಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿರಲಿ, ಸೋಯಾ ಆ ಮಾತ್ರೆಯನ್ನು ದೇಹ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ.

ಪ್ರಶ್ನೆ: ಈ ಸಾರನ್ನು ಒಮ್ಮೆಲೇ ಹೆಚ್ಚು ಮಾಡಿ ವಾರಕ್ಕೆ ಇಟ್ಟುಕೊಳ್ಳಬಹುದೇ? ಮನೆಯಲ್ಲಿ ನಾವಿಬ್ಬರೇ, ಇಬ್ಬರಿಗೂ 70 ದಾಟಿದೆ.
(ಓದುಗರೊಬ್ಬರು, ಕಡೂರು)

ಉತ್ತರ: ಪೂರ್ತಿ ಸಾರನ್ನು ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಬೇಕಾದಷ್ಟನ್ನೇ ತೆಗೆದು ಕುದಿಸಿ. ಮರುದಿನ ಬಿಸಿ ಮಾಡುವಾಗ ನೀರು ಆವಿಯಾಗಿ ಉಪ್ಪು ಮುಂದಾಗುತ್ತದೆ, ಅರ್ಧ ಲೋಟ ಬಿಸಿನೀರು ಸೇರಿಸಿಕೊಳ್ಳಿ. ವಾರಕ್ಕೆ ಇಟ್ಟುಕೊಳ್ಳಬೇಕಾದದ್ದು ಸಾರನ್ನಲ್ಲ, ಕೆಲ್ಪ್ ಮತ್ತು ಅಣಬೆಯ ನೀರನ್ನು. ಅದನ್ನು ಸೋಸಿ, ಇಬ್ಬರಿಗೆ ಬೇಕಾಗುವಷ್ಟರ ಅಳತೆಯ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ, ದಿನವೂ ತರಕಾರಿ ಬೇಯುವ ಅರ್ಧ ಗಂಟೆಯ ಕೆಲಸ ಮಾತ್ರ ಉಳಿಯುತ್ತದೆ. ತೋಫು ಹಾಕಿದ ಸಾರನ್ನು ಫ್ರೀಜರಿಗೆ ಇಡಬಾರದು, ಹೆಪ್ಪುಗಟ್ಟಿ ಕರಗಿದ ತೋಫು ತೂತು ತೂತಾಗಿ, ಅಗಿಯಲು ಗಟ್ಟಿಯಾಗುತ್ತದೆ; ಆಲೂಗೆಡ್ಡೆಯೂ ಪುಡಿ ಪುಡಿಯಾಗುತ್ತದೆ. ದ್ವೆಂಜಾಂಗ್ ಡಬ್ಬಿಯನ್ನು ತೆರೆದ ಮೇಲೆ ಒದ್ದೆ ಚಮಚ ತಾಗಿಸದೆ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮೇಲಿನ ಪದರ ಕಪ್ಪಾದರೆ ಗಾಬರಿ ಬೇಡ, ಬೂಷ್ಟು ಕಂಡರೆ ಮಾತ್ರ ಎಸೆಯಿರಿ.